ಮೊದಲ ಸೇಫ್ಟಿ ರೇಜರ್ ಕೊಳ್ಳುವಾಗ ತಲೆ ನೋಡಿ, ಹಿಡಿ ಆಮೇಲೆ

ಆತುರದಲ್ಲಿರುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೂರು ತುಂಡಿನ, ಮುಚ್ಚಿದ ಬಾರ್ (ಬ್ಲೇಡಿನ ಕೆಳಗೆ ಹಲ್ಲಿಲ್ಲದ ಪಟ್ಟಿ) ಇರುವ, ಮೈಲ್ಡ್, ಅಂದರೆ ಸಾಧು ಅನ್ನಿಸಿಕೊಂಡ ಒಂದು ರೇಜರ್ ತಗೊಳ್ಳಿ. ಉಳಿದ ದುಡ್ಡಿನಲ್ಲಿ ನಾಲ್ಕೈದು ಬಗೆಯ ಬ್ಲೇಡು ತಗೊಳ್ಳಿ. ಒಂದು ತಿಂಗಳು ರೇಜರ್ ಬದಲಾಯಿಸಬೇಡಿ, ಬ್ಲೇಡು ಮಾತ್ರ ಬದಲಾಯಿಸಿ. ಅಷ್ಟೇ. ಇಷ್ಟಕ್ಕೆ ಸಮಾಧಾನ ಆಗದವರು, ಅಂದರೆ ನನ್ನ ಹಾಗೆ ಒಂದು ಸಣ್ಣ ಸಾಮಾನು ಕೊಳ್ಳೋದಕ್ಕೂ ನಾಲ್ಕು ರಾತ್ರಿ ನಿದ್ದೆ ಕೆಡಿಸಿಕೊಳ್ಳುವವರು, ಮುಂದೆ ಓದಿ.

ನಾನು ಮೊದಲ ರೇಜರ್ ಆರಿಸಿದ್ದು ಹಿಡಿ ನೋಡಿ. ಕಂಪನಿ ಯಾವುದು ಅಂತ ಬೇಡ, ಬಿಡಿ. ಹಿಡಿಯ ಮೇಲೆ ಚೆಂದದ ಗೀರು, ಕೈಗೆ ಒಳ್ಳೇ ತೂಕ, ಕನ್ನಡಿ ಮುಂದೆ ಹಿಡಿದರೆ ಏನೋ ಒಂದು ಗತ್ತು. ಮೊದಲ ದಿನವೇ ಗದ್ದದ ಕೆಳಗೆ ಮೂರು ಕಡೆ ರಕ್ತ. ಕೈ ಪಳಗಿಲ್ಲ, ಅದಕ್ಕೇ ಹೀಗೆ ಅಂದುಕೊಂಡು ಹದಿನೈದು ದಿನ ನನ್ನನ್ನೇ ಬೈದುಕೊಂಡೆ. ಆಮೇಲೆ ಒಂದು ಬೆಳಿಗ್ಗೆ ರೇಜರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿಗೆ ಹಿಡಿದು, ತಲೆಯನ್ನು ಮೇಲಿನಿಂದ ನೋಡಿದೆ. ಮುಚ್ಚಳದ ಒಂದು ಪಕ್ಕದಲ್ಲಿ ಬ್ಲೇಡು ಉಗುರಿನ ಅಂಚಿನಷ್ಟು ಹೊರಗೆ ಬಂದಿದೆ, ಇನ್ನೊಂದು ಪಕ್ಕದಲ್ಲಿ ಕಾಣುವುದೇ ಇಲ್ಲ! ಒಂದು ಅಂಚು ಕೊಯ್ಯುತ್ತಿತ್ತು, ಇನ್ನೊಂದು ಅಂಚು ಸುಮ್ನೆ ನೊರೆ ಬಳಿದುಕೊಂಡು ಬರುತ್ತಿತ್ತು. ತಿರುಪು ಸಡಿಲಿಸಿ ಬ್ಲೇಡು ಸರಿ ಮಾಡಿ ಬಿಗಿ ಮಾಡಿದೆ. ಬಿಗಿ ಮಾಡುವಾಗಲೇ ಮತ್ತೆ ಓರೆಯಾಯಿತು. ಅಚ್ಚೇ ಸೊಟ್ಟ ಇದ್ದರೆ ಯಾರೇನು ಮಾಡಲಿಕ್ಕಾಗುತ್ತದೆ.

ಆವತ್ತು ತಲೆಗೆ ಹೋಗಿದ್ದು ಒಂದೇ ವಿಷಯ. ರೇಜರ್ ಅಂದರೆ ಅದರ ತಲೆ. ಹಿಡಿ ಅಂದರೆ ಒಂದು ಕೋಲು. ಕಡಿಮೆ ದುಡ್ಡಿನಲ್ಲಿ ಕೊಳ್ಳುವವರು ಈ ಲೆಕ್ಕ ಸರಿಯಾಗಿ ಹಿಡಿದುಕೊಂಡರೆ ಅರ್ಧ ಆಯ್ಕೆ ಮುಗಿದಂತೆ.

ತಲೆಯೊಳಗೆ ಏನು ನಡೆಯುತ್ತದೆ

ಡಬಲ್ ಎಡ್ಜ್, ಅಂದರೆ ಎರಡೂ ಅಂಚು ಚೂಪಿರುವ ಬ್ಲೇಡಿನ ದಪ್ಪ ಸುಮಾರು 0.1 ಮಿಲಿಮೀಟರ್. ಎರಡು ಬೆರಳಲ್ಲಿ ತುದಿ ಹಿಡಿದು ಅಲ್ಲಾಡಿಸಿದರೆ ತಗಡಿನ ಹಾಗೆ ನಡುಗುತ್ತದೆ. ಇಂಥ ತೆಳ್ಳಗಿನ ಬ್ಲೇಡು ಕುರುಚಲು ಗಡ್ಡಕ್ಕೆ ತಾಕಿದರೆ ಬಾಗಬೇಕು, ನಡುಗಬೇಕು. ಹಾಗಾಗದಂತೆ ಮೇಲಿನ ಮುಚ್ಚಳ ಅದನ್ನು ಬಿಲ್ಲಿನಂತೆ ಬಗ್ಗಿಸಿ ತಳದ ತಟ್ಟೆಗೆ ಒತ್ತಿ ಹಿಡಿಯುತ್ತದೆ. ಒಂದು ಹಾಳೆಯ ತುದಿ ಹಿಡಿದರೆ ಅದು ಜೋತು ಬೀಳುತ್ತದೆ, ಅದೇ ಹಾಳೆಯನ್ನು ಉದ್ದಕ್ಕೆ ಸ್ವಲ್ಪ ಬಗ್ಗಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ, ಅಲ್ವಾ? ಇಲ್ಲೂ ಅದೇ ಕೆಲಸ. ಮುಚ್ಚಳವೂ ತಟ್ಟೆಯೂ ಬ್ಲೇಡನ್ನು ಅಂಚಿಗೆ ಎಷ್ಟು ಹತ್ತಿರ ಹಿಡಿಯುತ್ತವೋ ಅಷ್ಟು ನಡುಕ ಕಡಿಮೆ. ನಡುಕ ಕಡಿಮೆಯಾದರೆ ಉರಿಯೂ ಕಡಿಮೆ. ಕೆಟ್ಟ ರೇಜರ್‌ಗಳಲ್ಲಿ ಮೊದಲು ಕೈಕೊಡುವುದು ಇದೇ. ಬ್ಲೇಡು ನಡುವೆ ಮಾತ್ರ ಬಿಗಿ, ಅಂಚು ಗಾಳಿಯಲ್ಲಿ.

ಇದರ ಮೇಲೆ ಇನ್ನು ಮೂರು ಅಳತೆ. ಮೊದಲನೆಯದು ಗ್ಯಾಪ್, ಅಂದರೆ ಬ್ಲೇಡಿಗೂ ಕೆಳಗಿನ ಸೇಫ್ಟಿ ಬಾರ್‌ಗೂ ನಡುವಿನ ಸಂದು. ಎರಡನೆಯದು ಎಕ್ಸ್‌ಪೋಶರ್. ಇದನ್ನು ಹೀಗೆ ಯೋಚಿಸಿ: ಮುಚ್ಚಳದ ಅಂಚಿಗೂ ಬಾರ್‌ಗೂ ಒಟ್ಟಿಗೆ ತಾಗುವ ಹಾಗೆ ಒಂದು ಸ್ಕೇಲ್ ಇಟ್ಟಿದ್ದೀರಿ ಅಂದುಕೊಳ್ಳಿ. ಬ್ಲೇಡಿನ ಬಾಯಿ ಆ ಸ್ಕೇಲಿನ ಗೆರೆ ದಾಟಿ ಹೊರಗೆ ಬಂದಿದ್ದರೆ ರೇಜರ್ ಒರಟು, ಗೆರೆಯ ಒಳಗೇ ಉಳಿದಿದ್ದರೆ ಸಾಧು. ಮೂರನೆಯದು ಕೋನ. ಬ್ಲೇಡು ಚರ್ಮಕ್ಕೆ ಹೆಚ್ಚುಕಡಿಮೆ 30 ಡಿಗ್ರಿಯಲ್ಲಿ ತಾಗಬೇಕು. ಕೆಲವು ತಲೆಗಳು ತಾವಾಗಿಯೇ ಆ ಕೋನಕ್ಕೆ ಕೂರುತ್ತವೆ, ಕೆಲವಕ್ಕೆ ಮಣಿಕಟ್ಟು ತಿರುಗಿಸಿ ತಿರುಗಿಸಿ ಹುಡುಕಬೇಕು.

ಮಾರುವವರು ಸಾಮಾನ್ಯವಾಗಿ ಗ್ಯಾಪ್ ಒಂದನ್ನೇ ಬರೆದಿರುತ್ತಾರೆ. ಅದೊಂದನ್ನೇ ನಂಬಿದರೆ ಕೆಟ್ಟಿರಿ. ಗ್ಯಾಪ್ ದೊಡ್ಡದಿದ್ದೂ ಎಕ್ಸ್‌ಪೋಶರ್ ಕಡಿಮೆ ಇರುವ ರೇಜರ್ ಮುಖದ ಮೇಲೆ ಹಸುವಿನ ಹಾಗೆ ಇರುತ್ತದೆ. ಗ್ಯಾಪ್ ಚಿಕ್ಕದಿದ್ದು ಬಾಯಿ ಹೊರಗೆ ಚಾಚಿದ್ದರೆ ಹಾಯಲಿಕ್ಕೆ ಬರುತ್ತದೆ. ಇಬ್ಬರು ಗೆಳೆಯರು ಒಂದೇ ಗ್ಯಾಪಿನ ಎರಡು ರೇಜರ್ ತಂದು, ಒಬ್ಬ ಆಹಾ ಅಂತ, ಇನ್ನೊಬ್ಬ ಅಯ್ಯೋ ಅಂತ ಕೂತರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಇಲ್ಲೇ ಒಂದು ತಪ್ಪು ಕಲ್ಪನೆ ಬಿಡಿಸಿಬಿಡೋಣ. ನನ್ನ ಗಡ್ಡ ಭಾರೀ ಗಟ್ಟಿ, ಅದಕ್ಕೆ ಒರಟು ರೇಜರೇ ಬೇಕು ಅಂತ ಬಹಳ ಜನ ಹೇಳುತ್ತಾರೆ. ಬೇಕಾಗಿಲ್ಲ. ಗಟ್ಟಿ ಗಡ್ಡಕ್ಕೆ ಬೇಕಿರುವುದು ಚೂಪಾದ ಬ್ಲೇಡು ಮತ್ತು ಎರಡು ಮೂರು ನಿಮಿಷ ಚೆನ್ನಾಗಿ ನೆನೆಯುವ ಪುರುಸೊತ್ತು. ನೆಂದ ಕೂದಲು ಒಣ ಕೂದಲಿಗಿಂತ ಎಷ್ಟೋ ಸಲೀಸಾಗಿ ತುಂಡಾಗುತ್ತದೆ. ಒರಟು ರೇಜರ್ ತಂದು ಒಣ ಗಡ್ಡದ ಮೇಲೆ ಎಳೆದರೆ ಹೋಗುವುದು ಚರ್ಮ.

ಬಾರ್, ಬಾಚಣಿಗೆ, ಓರೆ

ತಳದ ತಟ್ಟೆಯ ಅಂಚನ್ನು ನೋಡಿ. ಒಂದೇ ಪಟ್ಟಿಯಂತೆ ನಯವಾಗಿದ್ದರೆ, ಅಥವಾ ಅದರ ಮೇಲೆ ಸಣ್ಣ ಸಣ್ಣ ತಗ್ಗು ಇದ್ದರೆ, ಅದು ಮುಚ್ಚಿದ ಬಾರ್. ಬಾಚಣಿಗೆಯಂತೆ ಹಲ್ಲು ಬಿಟ್ಟಿದ್ದರೆ ಓಪನ್ ಕೋಂಬ್. ಇಡೀ ತಲೆಯೇ ಸೊಟ್ಟಗೆ ತಿರುಚಿದಂತೆ ಕಂಡರೆ ಸ್ಲ್ಯಾಂಟ್.

ಮುಚ್ಚಿದ ಬಾರ್ ಚರ್ಮವನ್ನು ಬ್ಲೇಡಿಗಿಂತ ಮುಂಚೆ ಎಳೆದು ಸಪಾಟು ಮಾಡುತ್ತದೆ. ಮೊದಲ ಸಲಕ್ಕೆ ಇದೇ ಸರಿ. ಓಪನ್ ಕೋಂಬ್‌ನ ಹಲ್ಲುಗಳ ನಡುವೆ ನೊರೆ, ಕೂದಲು ಎರಡೂ ಹಾದುಹೋಗುತ್ತವೆ. ವಾರಕ್ಕೊಮ್ಮೆ ಮಾತ್ರ ಗಡ್ಡ ತೆಗೆಯುವವರಿಗೆ, ಅಂದರೆ ಉದ್ದ ಬೆಳೆದ ಮೇಲೆ ಕೈ ಹಾಕುವವರಿಗೆ, ಕಟ್ಟಿಕೊಳ್ಳದೆ ಓಡುತ್ತದೆ. ಆದರೆ ಓಪನ್ ಕೋಂಬ್ ಅಂದ ಮಾತ್ರಕ್ಕೆ ಒರಟು ಅಂತಲ್ಲ, ಅದರಲ್ಲೂ ಸಾಧು ಇವೆ. ಮ್ಯೂಲೆ ಅನ್ನುವ ಜರ್ಮನ್ ಕಂಪನಿಯ ಆರ್41 ಮಾತ್ರ ನಿಜವಾಗಿ ಒರಟು. ಪಳಗಿದವರ ಕೈಯಲ್ಲಿ ಒಂದೇ ಸಲಕ್ಕೆ ಕೆನ್ನೆ ಗಾಜಿನ ಹಾಗೆ ಮಾಡುತ್ತದೆ, ಹೊಸಬರ ಕೈಯಲ್ಲಿ ಏನು ಮಾಡುತ್ತದೆ ಅಂತ ಹೇಳಬೇಕಾಗಿಲ್ಲ.

ಸ್ಲ್ಯಾಂಟ್‌ನಲ್ಲಿ ಬ್ಲೇಡು ಓರೆಯಾಗಿ ನಿಂತು ಕತ್ತರಿಸುತ್ತದೆ. ಹಗ್ಗವನ್ನು ಚಾಕುವಿನಿಂದ ನೇರ ಒತ್ತುವುದಕ್ಕೂ ಓರೆಯಾಗಿ ಎಳೆಯುವುದಕ್ಕೂ ಇರುವ ವ್ಯತ್ಯಾಸ ಇಲ್ಲೂ ಇದೆ. ಒಳ್ಳೆಯದೇ, ಆದರೆ ಎರಡನೇ ರೇಜರ್ ಆಗಿ. ಮೊದಲನೆಯದಾಗಿ ಬೇಡ.

ಮೂರು ತುಂಡೋ, ಎರಡೋ, ಚಿಟ್ಟೆಯೋ

ಮೂರು ತುಂಡಿನದ್ದು: ಮುಚ್ಚಳ, ತಟ್ಟೆ, ಹಿಡಿ. ಬಿಚ್ಚಿದರೆ ಮೂರೂ ಬೇರೆ. ತೊಳೆಯೋದು ಸುಲಭ, ಕೆಡುವಂಥದ್ದು ಏನೂ ಇಲ್ಲ. ಹಿಡಿ ಹಿಡಿಸದಿದ್ದರೆ ಹಿಡಿ ಮಾತ್ರ ಬದಲಾಯಿಸಬಹುದು, ಬಹಳಷ್ಟು ತಲೆಗಳಿಗೂ ಹಿಡಿಗಳಿಗೂ ಥ್ರೆಡ್ ಒಂದೇ ಆಗಿರುತ್ತದೆ. ಎರಡು ತುಂಡಿನದ್ದರಲ್ಲಿ ತಟ್ಟೆ ಹಿಡಿಗೇ ಅಂಟಿಕೊಂಡಿರುತ್ತದೆ, ಹಿಡಿಯ ಕೆಳಗಿನ ಗುಬುಟು ತಿರುಗಿಸಿದರೆ ಮುಚ್ಚಳ ಮಾತ್ರ ಮೇಲೇಳುತ್ತದೆ. ಬ್ಲೇಡು ಹಾಕುವಾಗ ಇದು ಸ್ವಲ್ಪ ಆರಾಮು.

ಚಿಟ್ಟೆ ಅಂದರೆ ಬಟರ್‌ಫ್ಲೈ. ಗುಬುಟು ತಿರುಗಿಸಿದರೆ ತಲೆ ಎರಡು ಬಾಗಿಲಂತೆ ತೆರೆದುಕೊಳ್ಳುತ್ತದೆ, ಬ್ಲೇಡು ಒಳಗಿಟ್ಟು ಮುಚ್ಚಿದರಾಯಿತು. ನೋಡಲಿಕ್ಕೆ ಬಹಳ ಚೆಂದ. ಮಕ್ಕಳ ಕೈಗೆ ಸಿಕ್ಕರೆ ಅರ್ಧ ಗಂಟೆ ತೆರೆದು ಮುಚ್ಚಿ ಆಡುತ್ತಾರೆ (ಬ್ಲೇಡು ತೆಗೆದು ಕೊಡಿ ಮಾರಾಯ್ರೇ). ಚೆನ್ನಾಗಿ ಮಾಡಿದ ಚಿಟ್ಟೆ ದಶಕಗಟ್ಟಲೆ ಬಾಳುತ್ತದೆ. ಆದರೆ ತೀರಾ ಅಗ್ಗದ್ದರಲ್ಲಿ ಬಾಗಿಲು ಒಂದಕ್ಕೊಂದು ಸಮ ಕೂರುವುದಿಲ್ಲ, ಸೋಪಿನ ಜಿಡ್ಡು ಹಿಡಿಯೊಳಗೆ ಇಳಿದು ತಿರುಪು ಬಿಗಿಯುತ್ತದೆ, ಮೇಲೆ ಹೇಳಿದ ಹಾಗೆ ಬ್ಲೇಡಿನ ಹಿಡಿತವೂ ಅಂಚಿನ ತನಕ ಬರುವುದಿಲ್ಲ. ಹಾಗಾಗಿ ದುಡ್ಡು ಕಡಿಮೆ ಇದ್ದಷ್ಟೂ ತುಂಡು ಜಾಸ್ತಿ, ಚಲಿಸುವ ಭಾಗ ಕಡಿಮೆ ಇರುವಂಥದ್ದನ್ನೇ ಹುಡುಕಿ. ಕೈಬೆರಳು ನೋವು, ನಡುಕ ಇರುವವರಿಗೆ ಮಾತ್ರ ಚಿಟ್ಟೆಯೇ ಅನುಕೂಲ, ಯಾಕೆಂದರೆ ಬ್ಲೇಡನ್ನು ಬಿಡಿಯಾಗಿ ಹಿಡಿದು ಜೋಡಿಸುವ ಗೋಜು ಕಡಿಮೆ.

ಲೋಹ

ಅಗ್ಗದ ರೇಜರ್‌ಗಳ ತಲೆ ಬಹುತೇಕ ಜಮಾಕ್ ಅನ್ನುವ ಮಿಶ್ರಲೋಹದ್ದು. ಸತು, ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ, ಈ ನಾಲ್ಕರ ಜರ್ಮನ್ ಹೆಸರುಗಳ ಮೊದಲ ಅಕ್ಷರ ಸೇರಿಸಿ ಕಟ್ಟಿದ ಹೆಸರು ಅದು. ಬೇಗ ಕರಗುತ್ತದೆ, ಅಚ್ಚಿನಲ್ಲಿ ಸಲೀಸಾಗಿ ಹುಯ್ಯಬಹುದು, ಅದಕ್ಕೇ ಅಗ್ಗ. ಮೇಲೆ ಕ್ರೋಮ್ ಲೇಪನ. ಜಮಾಕ್ ಅಂದ ಕೂಡಲೇ ಮೂಗು ಮುರಿಯುವವರಿದ್ದಾರೆ, ನಾನು ಆ ಗುಂಪಿನವನಲ್ಲ. ಹೆಸರುವಾಸಿ ಜರ್ಮನ್ ರೇಜರ್‌ಗಳ ತಲೆಯೂ ಜಮಾಕ್‌ನದ್ದೇ. ಲೇಪನ ಗಟ್ಟಿ ಇದ್ದರೆ ವರ್ಷಗಟ್ಟಲೆ ಏನೂ ಆಗುವುದಿಲ್ಲ.

ಅದರ ಎರಡು ದೌರ್ಬಲ್ಯ ಮಾತ್ರ ಗೊತ್ತಿರಲಿ. ಒಂದು, ಲೇಪನಕ್ಕೆ ಗೀರು ಬಿದ್ದು ನೀರು ಒಳಗೆ ಇಳಿದರೆ ಕೆಳಗಿನ ಲೋಹ ಬಿಳಿಬಿಳಿಯಾಗಿ ಹೊಪ್ಪಳೆ ಎದ್ದು ತೂತು ಬೀಳುತ್ತದೆ. ಹಾಗಾಗಿ ಒದ್ದೆ ಬಿಡಬಾರದು, ಉಜ್ಜುವ ಪುಡಿ ಹಾಕಿ ತಿಕ್ಕಬಾರದು. ಎರಡು, ಮುಚ್ಚಳದ ಅಡಿಯಿಂದ ಇಳಿಯುವ ತಿರುಪು ಕಡ್ಡಿ. ನನ್ನದು ಮುರಿದದ್ದು ಅಲ್ಲೇ. ಸೋಪಿನ ಕೈ, ಜಾರಿತು, ಟೈಲ್ಸ್ ಮೇಲೆ ತಲೆಕೆಳಗಾಗಿ ಬಿತ್ತು. ಟಣ್ ಅಂತ ಒಂದೇ ಶಬ್ದ. ಎತ್ತಿ ನೋಡಿದರೆ ಮುಚ್ಚಳ ಒಂದು ಕಡೆ, ಕಡ್ಡಿಯ ಚೂರು ಹಿಡಿಯೊಳಗೆ. ಮುರಿದ ಜಾಗ ಬೂದು ಬಣ್ಣದ ಸಕ್ಕರೆ ಹರಳಿನ ಹಾಗೆ ಕಾಣುತ್ತಿತ್ತು. ಅಲ್ಲಿಗೆ ಮುಗಿಯಿತು, ಬೆಸುಗೆ ಗಿಸುಗೆ ಏನೂ ನಡೆಯುವುದಿಲ್ಲ. ಬೀಳಿಸದೇ ಹೋದರೂ ವಿಪರೀತ ಬಿಗಿ ಮಾಡುವ ಅಭ್ಯಾಸದಿಂದ ಇದೇ ಗತಿ ಬರುತ್ತದೆ. ಬೆರಳ ತುದಿಯಲ್ಲಿ ನಿಲ್ಲುವಷ್ಟು ಬಿಗಿ ಸಾಕು, ನಲ್ಲಿ ಕಟ್ಟುವ ಹಾಗೆ ತಿರುಚಬೇಡಿ.

ಹಿತ್ತಾಳೆ ಇದಕ್ಕಿಂತ ಮೇಲು. ತೂಕ ಇದೆ, ತುಕ್ಕು ಹಿಡಿಯುವುದಿಲ್ಲ, ಲೇಪನ ಹೋದರೂ ರೇಜರ್ ಉಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಂತೂ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ, ಆದರೆ ಯಂತ್ರದಲ್ಲಿ ಕೊರೆದು ಮಾಡಬೇಕು, ಬೆಲೆ ಏರುತ್ತದೆ, ನಮ್ಮ ಇವತ್ತಿನ ವಿಷಯಕ್ಕೆ ಅದು ಹೊರಗಿನದ್ದು. ಅಲ್ಯೂಮಿನಿಯಂ ಹಗುರ. ಹಗುರ ಅಂದರೆ ಕೀಳು ಅಂತ ತಿಳಿಯಬೇಡಿ, ಆದರೆ ತೂಕದ ರೇಜರ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಹಗುರದ್ದಕ್ಕೆ ಕೈ ತಾನಾಗಿ ಒತ್ತಲು ಹೋಗುತ್ತದೆ. ಹೊಸಬರ ಮುಖ ಕೊಯ್ಯುವುದು ಈ ಒತ್ತುವ ಚಾಳಿಯಿಂದಲೇ. ಕಾರ್ಟ್ರಿಜ್ ರೇಜರ್ (ಬ್ಲೇಡುಗಳು ಒಳಗೇ ಕೂತಿರುವ ತಲೆಯನ್ನು ಸಿಕ್ಕಿಸುವಂಥದ್ದು) ಬಳಸಿ ಬಳಸಿ ಒತ್ತುವುದು ಕೈಗೆ ಮೈಗೂಡಿರುತ್ತದೆ.

ಹಿಡಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೋಪಿನ ಕೈಯಲ್ಲಿ ಜಾರಬಾರದು, ಅಷ್ಟೇ. ನುಣ್ಣಗೆ ಹೊಳೆಯುವ ಹಿಡಿ ಅಂಗಡಿಯಲ್ಲಿ ಚೆಂದ, ಬಚ್ಚಲಲ್ಲಿ ಮೀನು. ಒರಟು ಗೀರು, ವಜ್ರದಾಕಾರದ ಕೊರೆತ ಇರಲಿ. ಉದ್ದ ನಿಮ್ಮಿಷ್ಟ. ಗಿಡ್ಡ ಹಿಡಿಯಲ್ಲಿ ಹತೋಟಿ ಜಾಸ್ತಿ ಅಂತ ನನ್ನ ಅನುಭವ, ತಲೆ ಬೋಳಿಸಿಕೊಳ್ಳುವವರು ಉದ್ದದ್ದನ್ನೇ ಇಷ್ಟಪಡುತ್ತಾರೆ.

ಹೆಸರು ಹೇಳಿ ಅನ್ನುವವರಿಗೆ

ಮರ್ಕುರ್ 34ಸಿ. ಜರ್ಮನಿಯ ಜೋಲಿಂಗನ್‌ನದ್ದು. ಎರಡು ತುಂಡು, ಗಿಡ್ಡ ದಪ್ಪ ಹಿಡಿ, ಸುಮಾರು 77 ಗ್ರಾಂ. ಸಾಧು ಮತ್ತು ಮಧ್ಯಮದ ನಡುವೆ ಎಲ್ಲೋ ಇರುತ್ತದೆ. ಮೊದಲ ರೇಜರ್ ಯಾವುದು ಅಂತ ಕೇಳಿದರೆ ಹತ್ತರಲ್ಲಿ ಐದಾರು ಜನ ಇದನ್ನೇ ಹೇಳುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಕೊರತೆ ಅಂದರೆ ತಟ್ಟೆ ಹಿಡಿ ಒಂದೇ ಆದ್ದರಿಂದ ಹಿಡಿ ಮಾತ್ರ ಬದಲಾಯಿಸಲಿಕ್ಕಾಗುವುದಿಲ್ಲ, ದಪ್ಪ ಕೈಯವರಿಗೆ ಗಿಡ್ಡ ಅನ್ನಿಸಬಹುದು. ಅದೇ ಕಂಪನಿಯ 23ಸಿ ಉದ್ದ ಹಿಡಿಯದ್ದು, ಮೂರು ತುಂಡು.

ಎಡ್ವಿನ್ ಜಾಗರ್ ಡಿಇ89 ಮತ್ತು ಮ್ಯೂಲೆ ಆರ್89. ಒಂದು ಇಂಗ್ಲೆಂಡಿನ ಶೆಫೀಲ್ಡಿನದ್ದು, ಇನ್ನೊಂದು ಜರ್ಮನಿಯದ್ದು. ತಲೆಯ ವಿನ್ಯಾಸ ಎರಡರದ್ದೂ ಒಂದೇ, ಸೇರಿ ಮಾಡಿದ್ದು. ಆದ್ದರಿಂದ ಇವೆರಡರಲ್ಲಿ ಯಾವುದು ಚೆನ್ನ ಅಂತ ತಲೆ ಕೆಡಿಸಿಕೊಳ್ಳಬೇಡಿ, ಯಾವುದು ಅಗ್ಗಕ್ಕೆ ಸಿಗುತ್ತದೋ, ಯಾವುದರ ಹಿಡಿ ಇಷ್ಟವೋ ಅದು. ಸಾಧು, ಮೂರು ತುಂಡು, ಮುಚ್ಚಿದ ಬಾರ್. ನನ್ನನ್ನು ಕೇಳಿದರೆ ಹೊಸಬರಿಗೆ ಇದೇ ತಲೆ. ಇದೇ ತಲೆಯನ್ನು ಹೋಲುವ ಅಗ್ಗದ ನಕಲುಗಳೂ ಬೇಕಾದಷ್ಟಿವೆ. ಕೆಲವು ಅಚ್ಚುಕಟ್ಟು, ಕೆಲವು ನನ್ನ ಮೊದಲ ರೇಜರಿನ ತಮ್ಮಂದಿರು.

ಕಿಂಗ್ ಸಿ. ಗಿಲೆಟ್ ಡಬಲ್ ಎಡ್ಜ್. 2020ರಲ್ಲಿ ಬಂದದ್ದು. ಇದೂ ಮೂರು ತುಂಡು, ಮುಚ್ಚಿದ ಬಾರ್, ಸಾಧು ಸ್ವಭಾವ. ಇವೆಲ್ಲದರಲ್ಲಿ ಹುಡುಕಾಡದೆ ಸುಲಭವಾಗಿ ಸಿಗುವುದು ಬಹುಶಃ ಇದೇ. ಮೇಲಿನೆರಡಕ್ಕೆ ಹೋಲಿಸಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಪಾರ್ಕರ್ 99ಆರ್. ಭಾರದ, ಉದ್ದ ಹಿಡಿಯ ಚಿಟ್ಟೆ. ಚಿಟ್ಟೆಯೇ ಬೇಕು ಅನ್ನುವವರಿಗೆ ಇದನ್ನು ಹೇಳುತ್ತೇನೆ, ಹಿಡಿತ ಚೆನ್ನಾಗಿದೆ. ಆದರೆ 34ಸಿ ಬಳಸಿದ ಕೈಗೆ ಇದು ಸುತ್ತಿಗೆ ಅನ್ನಿಸುತ್ತದೆ.

ರಾಕ್‌ವೆಲ್ 6ಸಿ. ಇದರ ಉಪಾಯ ನನಗೆ ಬಹಳ ಇಷ್ಟ. ಮೂರು ತಟ್ಟೆ ಕೊಡುತ್ತಾರೆ, ಒಂದೊಂದಕ್ಕೂ ಎರಡು ಮುಖ, ಒಟ್ಟು ಆರು ಅಳತೆ. 1ರ ಹಿಂದೆ 3, 2ರ ಹಿಂದೆ 4, 5ರ ಹಿಂದೆ 6. ಮೊದಲ ತಿಂಗಳು 1 ಅಥವಾ 2ರಲ್ಲಿ ಶುರು ಮಾಡಿ, ಕೈ ಪಳಗಿದಂತೆ ತಟ್ಟೆ ಮಗುಚಿ ಹಾಕುತ್ತಾ ಹೋಗಬಹುದು. ಇನ್ನೊಂದು ರೇಜರ್ ಕೊಳ್ಳುವ ಆಸೆಯನ್ನು ಇದು ಕೊಲ್ಲುತ್ತದೆ, ಅಂದರೆ ಕೊನೆಗೆ ಲೆಕ್ಕ ಹಾಕಿದರೆ ಅಗ್ಗವೇ. ತಿರುಗಣೆ ಇಲ್ಲ, ಸ್ಪ್ರಿಂಗ್ ಇಲ್ಲ, ಕೆಡುವುದಿಲ್ಲ. ತಟ್ಟೆ ಕಳೆದುಕೊಳ್ಳಬೇಡಿ ಅಷ್ಟೇ.

ಹೆನ್ಸನ್ ಎಎಲ್13. ಅಲ್ಯೂಮಿನಿಯಂ, ಬರೀ 37 ಗ್ರಾಂ ಆಸುಪಾಸು. ಬ್ಲೇಡು ಹೊರಗೆ ಚಾಚುವುದು ಸುಮಾರು 0.03 ಮಿಲಿಮೀಟರ್ ಮಾತ್ರ, ಬಿಗಿತ ಅಂಚಿನ ತನಕ ಇರುತ್ತದೆ. ಕೋನವೂ ತಲೆಯ ಆಕಾರದಲ್ಲೇ ಇರುವುದರಿಂದ ಕಾರ್ಟ್ರಿಜ್‌ನಂತೆ ಹಿಡಿದು ಎಳೆದರೂ ನಡೆಯುತ್ತದೆ. ಬೆಲೆ ಮೇಲಿನವಕ್ಕಿಂತ ಜಾಸ್ತಿ, ಅಗ್ಗದ ಸಾಲಿಗೆ ಸೇರಿಸಲು ಮನಸ್ಸಿಲ್ಲ. ಆದರೆ ಕೊಯ್ದುಕೊಳ್ಳುವ ಭಯವೇ ನಿಮ್ಮನ್ನು ತಡೆಯುತ್ತಿದ್ದರೆ ಈ ಜಾಸ್ತಿ ದುಡ್ಡಿಗೆ ಅರ್ಥ ಇದೆ. ಗ್ಯಾಪ್ ಕಿರಿದಾದ್ದರಿಂದ ಉದ್ದ ಗಡ್ಡಕ್ಕೆ ಪದೇ ಪದೇ ಕಟ್ಟಿಕೊಳ್ಳುತ್ತದೆ.

ತಿರುಗಣೆ ತಿರುಗಿಸಿ ಗ್ಯಾಪ್ ಹೆಚ್ಚು ಕಡಿಮೆ ಮಾಡುವ ಅಡ್ಜಸ್ಟಬಲ್‌ಗಳ ಬಗ್ಗೆ ಒಂದೇ ಮಾತು. ಮೊದಲಿಗೇ ಬೇಡ. ಉರಿ ಬಂದರೆ ಕಾರಣ ಕೈಯೋ, ನೊರೆಯೋ, ಬ್ಲೇಡೋ, ತಿರುಗಣೆಯ ಅಂಕಿಯೋ ಅಂತ ಗೊತ್ತಾಗದೆ ಒದ್ದಾಡುತ್ತೀರಿ.

ಹಳೇ ರೇಜರ್

ನಿಜವಾಗಿ ದುಡ್ಡು ಉಳಿಸಬೇಕಾ? ಮೊದಲು ಅಟ್ಟದ ಪೆಟ್ಟಿಗೆ, ಅಜ್ಜನ ಟ್ರಂಕು ಹುಡುಕಿ. ಬ್ಲೇಡು ಬದಲಾಯಿಸುವ ಈ ಬಗೆಯ ರೇಜರ್ ತಂದ ಕಿಂಗ್ ಕ್ಯಾಂಪ್ ಗಿಲೆಟ್‌ಗೆ ಅದರ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಅದಕ್ಕೆ ಹಿಂದಿನ ವರ್ಷ, ಮಾರಾಟ ಶುರುವಾದ 1903ರಲ್ಲಿ, ಹೋದದ್ದು 51 ರೇಜರ್, 168 ಬ್ಲೇಡು. 1921ರಲ್ಲಿ ಪೇಟೆಂಟ್ ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಆ ಬ್ಲೇಡು ಮಾಡುವಂತಾಯಿತು. ಇವತ್ತಿಗೂ ನಮಗೆ ಸಿಗುವ ದೊಡ್ಡ ಲಾಭ ಅದೇ. ನೂರು ವರ್ಷ ಹಳೆಯ ಗಿಲೆಟ್ ರೇಜರಿಗೂ ಇವತ್ತಿನ ಬ್ಲೇಡು ಕೂರುತ್ತದೆ, ಯಾವ ಕಂಪನಿಯ ರೇಜರಿಗೆ ಯಾವ ಕಂಪನಿಯ ಬ್ಲೇಡಾದರೂ ಆಗುತ್ತದೆ. ಕಾರ್ಟ್ರಿಜ್‌ನವರು ಕಟ್ಟಿಹಾಕುವ ಹಾಗೆ ಇಲ್ಲಿ ಯಾರೂ ನಿಮ್ಮನ್ನು ಕಟ್ಟಿಹಾಕಲಾರರು.

ಹಳೆಯದರಲ್ಲಿ 1938ರಿಂದ ಬಂದ ಗಿಲೆಟ್ ಟೆಕ್ ಸಿಕ್ಕರೆ ಬಿಡಬೇಡಿ. ಮೂರು ತುಂಡು, ಬಹಳ ಸಾಧು. 1947ರ ಸೂಪರ್ ಸ್ಪೀಡ್ ಚಿಟ್ಟೆ ಮಾದರಿಯದ್ದು, ಅದೂ ಒಳ್ಳೆಯದೇ. ನೋಡಬೇಕಾದದ್ದು: ಹಿಡಿಯಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯಾ, ಬಾಚಣಿಗೆ ಮಾದರಿಯಾದರೆ ಹಲ್ಲು ಬಾಗಿದೆಯಾ, ಚಿಟ್ಟೆಯಾದರೆ ಬಾಗಿಲು ಸಮ ಮುಚ್ಚುತ್ತದಾ. ಮೇಲಿನ ಮಸಿ, ಜಿಡ್ಡು ನೋಡಿ ಹೆದರಬೇಡಿ. ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಹಳೇ ಟೂತ್‌ಬ್ರಷ್, ಇಷ್ಟಕ್ಕೇ ಮುಕ್ಕಾಲು ಪಾಲು ಹೋಗುತ್ತದೆ. ಸಂಗ್ರಹಕಾರರು ಬೆನ್ನಟ್ಟುವ ಮಾದರಿಗಳಿಗೆ ಮಾತ್ರ ಕೈ ಹಾಕಬೇಡಿ, ಅಲ್ಲಿ ಅಗ್ಗ ಅನ್ನುವ ಪದವೇ ಇಲ್ಲ.

ಬ್ಲೇಡಿನಲ್ಲಿದೆ ಅರ್ಧ ರೇಜರ್

ಒಂದು ರೇಜರ್ ನಿಮಗೆ ಆಗಿಬರಲಿಲ್ಲ ಅನ್ನುವ ಮುಂಚೆ ಮೂರು ಬಗೆಯ ಬ್ಲೇಡು ಹಾಕಿ ನೋಡಿದ್ದೀರಾ? ನೋಡಿಲ್ಲ ಅಂದರೆ ಇನ್ನೂ ತೀರ್ಪು ಕೊಡಬೇಡಿ. ಫೆದರ್ ಅನ್ನುವ ಬ್ಲೇಡು ಬಹಳ ಚೂಪು. ಸಾಧು ರೇಜರಿನಲ್ಲಿ ಹಾಕಿದರೆ ಒಬ್ಬರಿಗೆ ಅಮೃತ, ಒರಟು ರೇಜರಿನಲ್ಲಿ ಹಾಕಿದರೆ ಅದೇ ಮನುಷ್ಯ ಪಟಿಕ ಹುಡುಕುತ್ತಾನೆ. ಡರ್ಬಿ ಅಷ್ಟು ಚೂಪಲ್ಲ, ತೆಳು ಗಡ್ಡದವರಿಗೆ ಸರಿ, ಗಟ್ಟಿ ಗಡ್ಡವನ್ನು ಕತ್ತರಿಸುವ ಬದಲು ಎಳೆಯುತ್ತದೆ. ಆಸ್ಟ್ರಾ ಸುಪೀರಿಯರ್ ಪ್ಲಾಟಿನಂ ನಡುವಿನದ್ದು, ಶುರುವಿಗೆ ಬಹಳ ಜನಕ್ಕೆ ಒಗ್ಗುತ್ತದೆ, ನನಗೂ. ಚೂಪು ಕಡಿಮೆ ಇರುವ ಬ್ಲೇಡು ಸುರಕ್ಷಿತ ಅಂತ ಹೊಸಬರು ಅಂದುಕೊಳ್ಳುತ್ತಾರೆ. ತಿರುಗುಮುರುಗು. ಮೊಂಡು ಬ್ಲೇಡಿಗೆ ಕೈ ಒತ್ತುತ್ತದೆ, ಒತ್ತಿದ ಕೈ ಕೊಯ್ಯುತ್ತದೆ.

ಹಾಗಾಗಿ ಮೊದಲಿಗೇ ನೂರರ ಪೆಟ್ಟಿಗೆ ಬೇಡ. ಐದೈದರ ಪ್ಯಾಕು ನಾಲ್ಕೈದು ಬಗೆ ತನ್ನಿ, ಒಂದೊಂದನ್ನೂ ಮೂರು ನಾಲ್ಕು ಸಲ ಬಳಸಿ, ಹೇಗಿತ್ತು ಅಂತ ಒಂದು ಸಾಲು ಬರೆದಿಡಿ. ಒಗ್ಗಿದ್ದು ಸಿಕ್ಕ ಮೇಲೆ ನೂರರ ಪೆಟ್ಟಿಗೆ ತಗೊಳ್ಳಿ. ದಿನಾ ಶೇವ್ ಮಾಡಿ, ಐದು ಶೇವ್‌ಗೊಂದು ಬ್ಲೇಡು ಅಂತ ಹಿಡಿದರೂ ವರ್ಷಕ್ಕೆ 73 ಬ್ಲೇಡು. ಒಂದು ಪೆಟ್ಟಿಗೆ ಒಂದೂಕಾಲು ವರ್ಷ ದಾಟುತ್ತದೆ. ದುಡ್ಡು ಉಳಿಯುವುದು ಇಲ್ಲಿ, ರೇಜರಿನ ಚೌಕಾಸಿಯಲ್ಲಿ ಅಲ್ಲ. ಬ್ಲೇಡಿನ ಬಾಯಿಗೆ ತೆಳುವಾದ ಲೇಪನ ಇರುತ್ತದೆ, ಟವೆಲ್ಲಿನಿಂದ ಒರೆಸಿದರೆ ಅದೂ ಹೋಗುತ್ತದೆ, ಬಾಯಿಯೂ ಹೋಗುತ್ತದೆ. ನೀರಿನಲ್ಲಿ ಜಾಲಾಡಿ, ಕೊಡವಿ, ಒಣಗಲು ಬಿಡಿ.

ಮನೆಗೆ ಬಂದ ದಿನ

ಬಿಚ್ಚಿ, ತುಂಡು ತುಂಡು ನೋಡಿ. ಥ್ರೆಡ್ ಕೈಯಲ್ಲೇ ಸಲೀಸಾಗಿ ಏರಬೇಕು, ಕಿರಕಿರ ಅನ್ನಬಾರದು. ಬ್ಲೇಡು ಹಾಕುವಾಗ ಬಾಯಿಯ ಕಡೆ ಮುಟ್ಟಬೇಡಿ, ಮೊಂಡು ತುದಿಗಳನ್ನೇ ಹಿಡಿಯಿರಿ. ಮುಚ್ಚಳವನ್ನು ಅಂಗಾತ ಇಟ್ಟು, ಅದರ ಗೂಟಕ್ಕೆ ಬ್ಲೇಡು, ಬ್ಲೇಡಿನ ಮೇಲೆ ತಟ್ಟೆ ಬೋರಲು, ಆಮೇಲೆ ಹಿಡಿ. ಬಿಗಿ ಮಾಡುವಾಗ ಮುಚ್ಚಳ ಮತ್ತು ತಟ್ಟೆಯನ್ನು ಮೊಂಡು ತುದಿಗಳ ಕಡೆಯಿಂದಲೇ ಎರಡು ಬೆರಳಲ್ಲಿ ಒತ್ತಿ ಹಿಡಿದುಕೊಳ್ಳಿ. ಈಗ ಬೆಳಕಿಗೆ ಎತ್ತಿ ಎರಡೂ ಅಂಚು ನೋಡಿ, ನಾನು ಹದಿನೈದು ದಿನ ತಡವಾಗಿ ನೋಡಿದ್ದು ಇದನ್ನೇ. ಬ್ಲೇಡು ಎರಡೂ ಕಡೆ ಒಂದೇ ಸಮ ಇಣುಕಬೇಕು. ಇಲ್ಲದಿದ್ದರೆ ಸಡಿಲಿಸಿ ಮತ್ತೆ ಮಾಡಿ. ಮೂರು ಸಲ ಮಾಡಿದರೂ ಓರೆ, ಬೇರೆ ಬ್ಲೇಡು ಹಾಕಿದರೂ ಓರೆ ಅಂದರೆ ಕೈಯ ತಪ್ಪಲ್ಲ. ವಾಪಸ್ ಕಳಿಸಿ, ನಾಚಿಕೆ ಬೇಡ.

ಮೊದಲ ವಾರ ಕೂದಲು ಬೆಳೆದ ದಿಕ್ಕಿನಲ್ಲೇ ಒಂದು ಸಲ, ಅಷ್ಟೇ ಮಾಡಿ. ಕೈಯಿಂದ ಕತ್ತು ಸವರಿ ನೋಡಿ, ಯಾವ ಕಡೆ ಸವರಿದರೆ ಚುಚ್ಚುತ್ತದೋ ಅದು ಎದುರು ದಿಕ್ಕು. ಕೆನ್ನೆಯಲ್ಲಿ ಕೆಳಕ್ಕೆ ಬೆಳೆದ ಕೂದಲು ಕತ್ತಿನಲ್ಲಿ ಅಡ್ಡಡ್ಡ ತಿರುಗಿರುವುದು ಮಾಮೂಲು, ನನ್ನ ಕತ್ತಿನ ಎಡಗಡೆ ಅಂತೂ ಸುಳಿಯೇ ಇದೆ. ಎರಡನೇ ವಾರ ಮತ್ತೆ ನೊರೆ ಹಚ್ಚಿ ಅಡ್ಡ ಎಳೆಯಿರಿ. ಎದುರು ಎಳೆಯುವುದು ಆಮೇಲೆ, ಬೇಕಾದರೆ ಮಾತ್ರ. ಮೊದಲ ನಾಲ್ಕು ಶೇವ್ ಕಾರ್ಟ್ರಿಜ್‌ನಷ್ಟು ನುಣುಪಾಗಿ ಬರುವುದಿಲ್ಲ. ಅದಕ್ಕೆ ರೇಜರ್ ಬದಲಾಯಿಸಲು ಓಡಬೇಡಿ.

ಹಳೇ ಬ್ಲೇಡನ್ನು ಕಸದ ಚೀಲಕ್ಕೆ ಹಾಗೇ ಎಸೆಯಬೇಡಿ, ಎತ್ತುವವರ ಕೈ ಕೊಯ್ಯುತ್ತದೆ. ಮುಚ್ಚಳದ ಡಬ್ಬಿಯೊಂದಕ್ಕೆ ಸೀಳು ಕೊರೆದು ಅದರಲ್ಲಿ ಹಾಕುತ್ತಾ ಬನ್ನಿ, ನನ್ನದು ಮೂರು ವರ್ಷವಾದರೂ ಇನ್ನೂ ತುಂಬಿಲ್ಲ. ಇನ್ನು ವಿಮಾನದಲ್ಲಿ ಹೋಗುವವರು ಬಿಡಿ ಬ್ಲೇಡನ್ನು ಕೈಚೀಲದಲ್ಲಿ ಇಟ್ಟುಕೊಂಡರೆ ತಪಾಸಣೆಯಲ್ಲಿ ತೆಗೆದುಬಿಡುತ್ತಾರೆ, ರೇಜರಿನೊಳಗೆ ಕೂತಿರುವ ಬ್ಲೇಡೂ ಅದೇ ಲೆಕ್ಕ. ಹೊರಡುವ ಹಿಂದಿನ ರಾತ್ರಿಯೇ ಬಿಚ್ಚಿ ನೋಡಿಕೊಳ್ಳಿ.